ನಾಲ್ಕು ಬಣ್ಣದ ಗುಟ್ಟು

ಗುಟ್ಟು ಕಾಪಾಡುವುದಕ್ಕೂ ಒಂದು ಯೋಗ್ಯತೆ ಬೇಕು. ಕೆಲವರನ್ನು ನೋಡಿದರೇ ತಿಳಿಯುತ್ತದೆ, ಅವರ ಹೊಟ್ಟೆಗೆ ಬಿದ್ದ ಮಾತು ಅಲ್ಲೇ ಅರಗುತ್ತದೆ, ಮತ್ತೆ ಬಾಯಿಗೆ ಬರುವುದಿಲ್ಲ. ನನ್ನದು ಅಂಥ ಹೊಟ್ಟೆಯಲ್ಲ. ರಾಮನಗರದ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದಷ್ಟು ಕಾಲವೂ, ಸ್ಟಾಫ್ ರೂಮಿನಲ್ಲಿ ಯಾವುದಾದರೂ ಸುದ್ದಿ ಬೇಗ ಹರಡಬೇಕಾಗಿದ್ದರೆ ಅದನ್ನು ನನ್ನ ಕಿವಿಯಲ್ಲಿ ‘ನಿಮಗೆ ಮಾತ್ರ ಹೇಳ್ತಿದೀನಿ’ ಎಂದು ಪಿಸುಗುಟ್ಟುತ್ತಿದ್ದರು. ನಾನು ಬೇಕೆಂದು ಹರಡಿದವನಲ್ಲ. ಕಿಟಕಿಯಾಚೆಯ ಬೆಟ್ಟದ ಮೇಲೆ ಬಿಸಿಲು ಬಣ್ಣ ಬದಲಾಯಿಸುವುದನ್ನು ನೋಡುತ್ತ ಮೈಮರೆತಿರುತ್ತಿದ್ದೆ. ಯಾರೋ ಏನೋ ಕೇಳುವರು, ನಾನು ಏನೋ ಹೇಳುವೆ. ಹೇಳಿದ್ದು ಏನೆಂದು ಸಂಜೆ ಹೊತ್ತಿಗೆ ಬೇರೆಯವರ ಬಾಯಿಂದ ನನಗೆ ತಿಳಿಯುವುದು. ನಮ್ಮ ಕಡೆ ಇದೊಂದು ದೊಡ್ಡ ದೋಷವೂ ಅಲ್ಲ. ಕನಕಪುರದ ಬಸ್ಸು ಹತ್ತಿ ಕೂತರೆ, ಕಂಡಕ್ಟರು ಟಿಕೆಟ್ ಕೊಡುವ ಮೊದಲೇ ಪಕ್ಕದವರು ಯಾವೂರು, ಏನು ಕೆಲಸ, ಸಂಬಳ ಎಷ್ಟು, ಮೇಲೆ ಏನಾದರೂ ಗಿಟ್ಟುತ್ತದೆಯೇ ಎಂದೆಲ್ಲ ಕೇಳಿರುತ್ತಾರೆ. ಹೇಳದಿದ್ದರೆ ಅದೇನು ಮುಚ್ಚಿಡುವಂಥ ರೋಗವೋ ಎಂದು ಸರಿದು ಕೂರುತ್ತಾರೆ. ಇಂಥ ಸೀಮೆಯಲ್ಲಿ ಹುಟ್ಟಿ, ಇಂಥ ಬಾಯಿ ಇಟ್ಟುಕೊಂಡು, ಅರವತ್ತು ದಾಟಿದ ಮೇಲೆ ನಾನೊಂದು ಗುಟ್ಟನ್ನು ಕಾಯಬೇಕಾಗಿ ಬಂತು. ಅದೂ ನಾಲ್ಕೇ ಅಂಕಿಯ ಗುಟ್ಟು.

ಅದಕ್ಕೆ ಮೊದಲು ನನ್ನ ಇನ್ನೊಂದು ಕುಂದನ್ನು ಹೇಳಿಬಿಡುತ್ತೇನೆ. ನಾನು ನಿದ್ದೆಯಲ್ಲಿ ಮಾತಾಡುತ್ತೇನೆ. ಇದು ವಂಶಪಾರಂಪರ್ಯವಾಗಿ ಬಂದದ್ದು. ನಮ್ಮಪ್ಪ ಸಾತನೂರಿನ ಮನೆಯಲ್ಲಿ ಮಲಗಿದಲ್ಲೇ ಎತ್ತುಗಳನ್ನು ಹೊಡೆಯುತ್ತಿದ್ದರು. ‘ಬಲಕ್ಕೆ, ಬಲಕ್ಕೆ’ ಎನ್ನುವರು. ಅಮ್ಮ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತ ‘ಬಲಕ್ಕೇ ಹೋಗ್ತಾ ಅವೆ, ಮನಿಕ್ಕಳಿ’ ಎಂದು ಸಮಾಧಾನ ಮಾಡುವಳು. ನನ್ನ ರಾತ್ರಿಯ ನಿದ್ದೆ ಕಲ್ಲಿನಂಥದ್ದು, ಅದಕ್ಕೆ ಬಾಯಿಲ್ಲ. ಮಧ್ಯಾಹ್ನ ಮುದ್ದೆ, ಬಸ್ಸಾರು ಉಂಡು, ನಡುಮನೆಯ ಕಿಟಕಿಯ ಕೆಳಗೆ ಚಾಪೆ ಹಾಕಿಕೊಂಡು ಮಾಡುವ ನಿದ್ದೆಗೆ ಮಾತ್ರ ಮಾತು ಬರುತ್ತದಂತೆ. ನಿವೃತ್ತಿಯಾದ ಮೇಲೆ ನನಗೆ ಸಿಕ್ಕಿದ ದೊಡ್ಡ ಸಂಪತ್ತು ಈ ನಿದ್ದೆಯೇ. ಆ ಹೊತ್ತಿನಲ್ಲಿ ಬೀದಿಯೂ ತೂಕಡಿಸುತ್ತದೆ. ರೇಷ್ಮೆ ಗೂಡು ಬೇಯಿಸುವ ವಾಸನೆ ಎಲ್ಲಿಂದಲೋ ತೇಲಿ ಬರುತ್ತದೆ. ಕಿಟಕಿಯ ಸರಳಿನ ನೆರಳು ನನ್ನ ಹೊಟ್ಟೆಯ ಮೇಲೆ ಮೆಲ್ಲಗೆ ಜರುಗುತ್ತ ಎದೆಗೆ ಬರುವಷ್ಟರಲ್ಲಿ ನಾನು ಈ ಲೋಕ ಬಿಟ್ಟಿರುತ್ತೇನೆ. ಕಿಟಕಿಯಾಚೆ, ಒಂದು ಮೊಳದ ಅಂತರದಲ್ಲಿ, ಪಕ್ಕದ ಮನೆಯ ಪುಟ್ಟಸ್ವಾಮಿಯ ಜಗಲಿ. ಪುಟ್ಟಸ್ವಾಮಿ ಮೊದಲು ರೇಷ್ಮೆ ನೂಲು ತೆಗೆಸುತ್ತಿದ್ದವನು. ಈಗ ಆ ಕೆಲಸ ಮಗನಿಗೆ ಬಿಟ್ಟು ಜಗಲಿಯ ಮೇಲೆ ಕೂತು ಬೀದಿಯ ಯೋಗಕ್ಷೇಮ ನೋಡಿಕೊಳ್ಳುತ್ತಾನೆ. ಒಳ್ಳೆಯ ಮನುಷ್ಯ. ಕಿವಿ ಇನ್ನೂ ಒಳ್ಳೆಯದು.

ಮಾಗಡಿಯ ಶಾಲೆಯಲ್ಲಿ ಮೇಡಂ ಆಗಿರುವ ನಮ್ಮ ಮಗಳು ಒಂದು ಭಾನುವಾರ ಬಂದವಳು ನನ್ನ ಫೋನಿಗೆ ಬ್ಯಾಂಕಿನ ಆ್ಯಪ್ ಹಾಕಿದಳು. ಅಲ್ಲಿಂದಲೇ ಎಲ್ಲ ಶುರುವಾಯಿತು. ಅದಕ್ಕೆ ಸ್ವಲ್ಪ ದಿನ ಮೊದಲು, ನನ್ನ ಹೆಂಡತಿ ಭಾಗ್ಯ ಬ್ಲೌಸ್ ಹೊಲಿದು ಕೂಡಿಟ್ಟಿದ್ದ ಹಣವನ್ನು ಬೀರುವಿನಿಂದ ತೆಗೆಸಿ ಬ್ಯಾಂಕಿಗೆ ಹಾಕಿಸಿದವಳೂ ಈ ಮಗಳೇ. ‘ಬೀರುವಿನಲ್ಲಿ ಜಿರಳೆ ಕಾವಲು, ಬ್ಯಾಂಕಿನಲ್ಲಿ ಬಡ್ಡಿ ಬರುತ್ತೆ’ ಎಂದಿದ್ದಳು. ಭಾಗ್ಯಳಿಗೆ ಆ ಹಣದಲ್ಲಿ ಕಸೂತಿ ಹಾಕುವ ಮೋಟಾರು ಮಿಷನ್ ಕೊಳ್ಳುವ ಆಸೆ. ಚನ್ನಪಟ್ಟಣದ ಅಂಗಡಿಯಲ್ಲಿ ಅದನ್ನು ನೋಡಿ ಬಂದ ದಿನದಿಂದ, ಅನ್ನ ಬಡಿಸುವಾಗಲೂ ಅವಳ ಬೆರಳು ಗಾಳಿಯಲ್ಲಿ ಬಳ್ಳಿ ಬಿಡಿಸುತ್ತಿತ್ತು. ಖಾತೆ ಇಬ್ಬರ ಹೆಸರಿನಲ್ಲಿದ್ದರೂ ಫೋನು ನನ್ನದು. ಮಗಳು ಫೋನು ಕೈಗೆ ಕೊಟ್ಟು, ‘ಅಪ್ಪಾ, ಈಗ ನಾಲ್ಕು ನಂಬರ್ ಹಾಕು. ಯಾರಿಗೂ ಹೇಳ್ಬೇಡ. ನನಗೂ ಹೇಳ್ಬೇಡ, ಅಮ್ಮಂಗೂ ಹೇಳ್ಬೇಡ. ಬ್ಯಾಂಕಿನವರು ಅಂತ ಯಾರಾದ್ರೂ ಫೋನ್ ಮಾಡಿ ಕೇಳಿದ್ರೂ ಹೇಳ್ಬೇಡ, ಬ್ಯಾಂಕಿನವರು ಕೇಳೋದೇ ಇಲ್ಲ’ ಎಂದಳು. ನನಗೆ ರೋಮಾಂಚನವಾಯಿತು. ಹುಟ್ಟಿದಾಗಿನಿಂದ ನನ್ನನ್ನು ನಂಬಿ ಯಾರೂ ಹೀಗೆ ಒಂದು ಮಾತನ್ನು ನನ್ನೊಬ್ಬನ ವಶಕ್ಕೆ ಬಿಟ್ಟಿರಲಿಲ್ಲ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದ ಭಾಗ್ಯಳ ಕೈ ಒಂದು ಗಳಿಗೆ ನಿಂತದ್ದು ನನಗೆ ಗೊತ್ತಾಗಲಿಲ್ಲ. ಸಾಸಿವೆ ಸೀದ ವಾಸನೆ ಬಂದಾಗಲೂ ಗೊತ್ತಾಗಲಿಲ್ಲ.

ಗೊತ್ತಾಗಬೇಕಿತ್ತು. ನಮ್ಮ ಮನೆಯಲ್ಲಿ ಬೀಗದ ಕೈ ಎಂದೂ ನನ್ನ ಹತ್ತಿರ ಇದ್ದದ್ದಲ್ಲ. ಮದುವೆಯಾಗಿ ಬಂದ ಹೊಸತರಲ್ಲೇ ನನ್ನಮ್ಮ ಕೀಲಿಗೊಂಚಲನ್ನು ಭಾಗ್ಯಳ ಸೊಂಟಕ್ಕೆ ಸಿಕ್ಕಿಸಿ, ‘ಇವನ ಕೈಗೆ ಮಾತ್ರ ಕೊಡಬ್ಯಾಡ ಕಣವ್ವ, ಕಾಗೆಗೆ ಬೇಕಾದ್ರೆ ಕೊಡು’ ಎಂದಿದ್ದಳು. ಅಂದಿನಿಂದ ಬೀರು, ಪೆಟ್ಟಿಗೆ, ಅಕ್ಕಿಯ ಡ್ರಮ್ಮು ಎಲ್ಲದರ ಕೀಲಿಯೂ ಅಲ್ಲೇ. ಅವಳು ನಡೆದಾಡಿದರೆ ಸಣ್ಣಗೆ ಸದ್ದಾಗುತ್ತದೆ. ಆ ಸದ್ದಿನಿಂದಲೇ ಅವಳು ಮನೆಯ ಯಾವ ಮೂಲೆಯಲ್ಲಿದ್ದಾಳೆಂದು ನಾನು ಹೇಳಬಲ್ಲೆ. ಈಗ, ಅವಳದೇ ದುಡಿಮೆಯ ಹಣಕ್ಕೆ, ಅವಳ ಸೊಂಟಕ್ಕೆ ಬಾರದ ಒಂದು ಕೀಲಿ ಹುಟ್ಟಿಕೊಂಡಿತ್ತು.

ಆದರೆ ನನ್ನ ಲಕ್ಷ್ಯವೆಲ್ಲ ಆ ನಾಲ್ಕು ಅಂಕಿಗಳ ಮೇಲಿತ್ತು. ಹುಟ್ಟಿದ ದಿನ ಹಾಕಬಾರದು, ಸ್ಕೂಟರಿನ ನಂಬರ್ ಹಾಕಬಾರದು ಎಂದು ಮಗಳು ಎಚ್ಚರಿಸಿದ್ದಳು. ಹಾಕಿದ್ದರೂ ಉಪಯೋಗವಿರಲಿಲ್ಲ, ಅವೆರಡೂ ಬೀದಿಗೆಲ್ಲ ಗೊತ್ತು. ನಮ್ಮಲ್ಲಿ ಪಿನ್ನಿಗೆ ಸಲ್ಲುವ ಮರ್ಯಾದೆಯನ್ನು ಎಟಿಎಂನಲ್ಲಿ ನೋಡಬೇಕು. ಒಳಗೆ ಒಬ್ಬರೇ ಹೋಗಬೇಕೆಂದು ಬರೆದಿದ್ದರೂ, ತಣ್ಣಗಿದೆಯೆಂದು ನಾಲ್ಕು ಜನ ನಿಂತಿರುತ್ತಾರೆ. ಒಮ್ಮೆ ಪುಟ್ಟಸ್ವಾಮಿ ನನ್ನ ಜೊತೆ ಬಂದವನು ಕಾರ್ಡು ತೂರಿಸಿ, ಕನ್ನಡಕ ಮರೆತದ್ದು ನೆನಪಾಗಿ, ‘ಮೇಷ್ಟ್ರೇ, ಒಸಿ ಒತ್ತಿ’ ಎಂದು ತನ್ನ ಪಿನ್ನನ್ನು ಮಗ್ಗಿ ಒಪ್ಪಿಸುವ ಧ್ವನಿಯಲ್ಲಿ ಹೇಳಿದ್ದ. ಹಿಂದೆ ನಿಂತಿದ್ದ ಯಾರೋ ‘ಅಯ್ಯೋ, ನಂದೂ ಅದೇ ಕಣಣ್ಣ’ ಎಂದರು. ಇಬ್ಬರೂ ಅಂದಿನಿಂದ ನೆಂಟರಂತೆ ಓಡಾಡಿಕೊಂಡಿದ್ದಾರೆ.

ನಾನು ಹಾಗಾಗಬಾರದೆಂದು ಒಂದು ಸಂಜೆಯೆಲ್ಲ ತಾರಸಿಯ ಮೇಲೆ ಕೂತು ಯೋಚಿಸಿದೆ. ಬೆಟ್ಟದ ಹಿಂದೆ ಸೂರ್ಯ ಇಳಿಯುತ್ತಿದ್ದ. ಮೊದಲು ಹಳದಿ. ಅದು ಕರಗಿ ಕೇಸರಿ. ಆಮೇಲೆ ಬಂಡೆಯ ಅಂಚಿನಲ್ಲಿ ಬದನೆಕಾಯಿ ಬಣ್ಣ. ಕೊನೆಗೆ ಮಸಿ. ನನಗೆ ಥಟ್ಟನೆ ಹೊಳೆಯಿತು. ಮಕ್ಕಳಿಗೆ ಬಣ್ಣ ಕಲಿಸುವಾಗ ನಾನು ಕ್ರೇಯಾನ್ ಡಬ್ಬಿಯಲ್ಲಿ ಒಂದೊಂದಕ್ಕೂ ನಂಬರ್ ಕೊಡುತ್ತಿದ್ದೆ: ಹಳದಿ ಮೂರು, ಕೇಸರಿ ಐದು, ಬದನೆಕಾಯಿ ಒಂಬತ್ತು, ಮಸಿ ಒಂದು. ದಿನಾ ಸಂಜೆ ಆಕಾಶವೇ ನನಗೆ ನೆನಪು ಮಾಡಿಕೊಡುವ ಪಿನ್ನು. ಆ ಪಿನ್ನು ಈಗ ಬದಲಾಗಿರುವುದರಿಂದ ನಿಮಗೆ ಧೈರ್ಯವಾಗಿ ಹೇಳುತ್ತಿದ್ದೇನೆ. ಪ್ರಪಂಚದ ಯಾವ ಕಳ್ಳನಿಗೂ ಇದು ಹೊಳೆಯಲಾರದೆಂದು ನನಗೆ ಎಷ್ಟು ಖುಷಿಯಾಯಿತೆಂದರೆ, ಯಾರಿಗಾದರೂ ಹೇಳಬೇಕೆಂಬ ಆಸೆ ಆ ಕ್ಷಣದಿಂದಲೇ ಶುರುವಾಯಿತು. ಬಾಯಿಗೆ ಬೀಗ ಹಾಕಿಕೊಂಡು ಕೆಳಗಿಳಿದೆ.

ಭಾಗ್ಯ ನೇರವಾಗಿ ಏನೂ ಕೇಳಲಿಲ್ಲ. ಕೋಡಿಹಳ್ಳಿಯವಳು, ನೇರವಾಗಿ ಕೇಳುವುದು ಅವರ ಮನೆತನದಲ್ಲೇ ಇಲ್ಲ. ಅವಳಪ್ಪ, ಎಂದರೆ ನಮ್ಮ ಮಾವ, ದನದ ವ್ಯಾಪಾರ ಮಾಡುತ್ತಿದ್ದವರು. ಸಂತೆಯಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಒಂದು ಟವಲಿನ ಕೆಳಗೆ ಕೈಗೆ ಕೈ ಕೊಟ್ಟು ಬೆರಳು ಒತ್ತಿಯೇ ಬೆಲೆ ಕಟ್ಟುತ್ತಾರೆ. ಸುತ್ತ ನೂರು ಜನ ನಿಂತಿದ್ದರೂ ಕಾಣುವುದು ಟವಲು ಮಿಸುಕುವುದೊಂದೇ. ಹೊಸ ಅಳಿಯನಾಗಿ ನಾನೊಮ್ಮೆ ಮಾವನ ಜೊತೆ ಸಂತೆಗೆ ಹೋಗಿದ್ದೆ. ಯಾರೋ ಯಜಮಾನರು ಟವಲಿನ ಕೆಳಗಿಂದ ಕೈ ಚಾಚಿದರು. ನಾನು ಅವರ ಹಿಂದೆ ಮಲಗಿದ್ದ ಕರುವಿನ ಕಣ್ಣಿನ ಚೆಲುವನ್ನು ನೋಡುತ್ತ, ಮರ್ಯಾದೆಗಿರಲೆಂದು ಆ ಕೈಯನ್ನು ಹಿಡಿದು ಪ್ರೀತಿಯಿಂದ ಚೆನ್ನಾಗಿ ಒತ್ತಿದೆ. ಒಂದು ಜೊತೆ ಎತ್ತು ನನ್ನದಾಗಿ ಹೋಗಿತ್ತು. ಮಾವ ಬಂದು ‘ನಮ್ಮ ಅಳಿಯಂದ್ರು, ಚಿತ್ರ ಬರೀತಾರೆ’ ಎಂದು ನನ್ನ ಪರವಾಗಿ ಕ್ಷಮೆ ಕೇಳಿ ಬಿಡಿಸಿಕೊಂಡು ಬಂದರು. ಅಂಥವರ ಮಗಳು ಊಟಕ್ಕೆ ಬಡಿಸುತ್ತ, ಗೋಡೆಯ ಕಡೆ ನೋಡಿಕೊಂಡು, ‘ನಮ್ಮಪ್ಪ ಹೇಳ್ತಿದ್ರು, ಟವಲ್ ಕೆಳಗಿನ ಮಾತು ಎರಡು ಕೈಗೆ ಗೊತ್ತಿರಬೇಕು, ಮೂರನೇ ಕಿವಿಗೆ ಗೊತ್ತಿರಬಾರದು ಅಂತ. ಈಗ ಒಂದೇ ಕೈಯಲ್ಲಿ ಯಾಪಾರ ಆಯ್ತದೆ. ಕಾಲ ಮುಂದುವರೀತು’ ಎಂದಳು. ನಾನು ಹೌದೆಂದು ತಲೆಯಾಡಿಸಿ ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ.

ಹೀಗೆ ಸ್ವಲ್ಪ ದಿನ ಕಳೆದ ಮೇಲೆ ಮಿಕ್ಸಿಯ ಕಾಟ ಶುರುವಾಯಿತು. ನಾನು ಚಾಪೆಯ ಮೇಲೆ ಒರಗಿ, ಕಣ್ಣು ಹತ್ತಿ, ನಿದ್ದೆಯ ಸಿಹಿ ಗಂಟಲಿಗೆ ಇಳಿಯುವ ಹೊತ್ತಿಗೆ ಸರಿಯಾಗಿ ಅಡುಗೆಮನೆಯಿಂದ ಗರ್‌ ಎಂದು ಸದ್ದು. ಎದ್ದು ಕೂತರೆ ಸದ್ದು ನಿಲ್ಲುತ್ತದೆ. ಮತ್ತೆ ಮಲಗಿ ಕನಸಿನ ಬಾಗಿಲು ತಟ್ಟಿದರೆ ಮತ್ತೆ ಗರ್‌. ಸಾರಿಗೆ ಬೆಳಿಗ್ಗೆಯೇ ರುಬ್ಬಿ ಆಗಿರುತ್ತದೆ. ಈ ಹೊತ್ತಿನಲ್ಲಿ ಏನನ್ನು ರುಬ್ಬುತ್ತಾಳೆ ಎಂದು ಕೇಳಿದರೆ, ‘ಚಟ್ನಿಪುಡಿ’ ಎನ್ನುತ್ತಿದ್ದಳು. ಹುರಿಗಡಲೆ ಪುಡಿ, ಹುಚ್ಚೆಳ್ಳು ಪುಡಿ, ಅಗಸೆ ಪುಡಿ, ಕರಿಬೇವಿನ ಪುಡಿ. ಮನೆಯ ಡಬ್ಬಿಗಳೆಲ್ಲ ತುಂಬಿದವು. ಮಾಗಡಿಗೆ ಎರಡು ಡಬ್ಬಿ ಹೋಯಿತು. ಪುಟ್ಟಸ್ವಾಮಿಯ ಮನೆಗೂ ಹೋಯಿತು. ಅವನು ಜಗಲಿಯ ಮೇಲೆ ಕೈಯಲ್ಲೇ ನೆಕ್ಕುತ್ತ, ‘ಏನ್ ಮೇಷ್ಟ್ರೇ, ನಿಮ್ಮನೇಲಿ ಪುಡಿ ಯಾಪಾರ ಸುರು ಮಾಡ್ಬುಟ್ರಾ’ ಎಂದ. ನಾನು ನಕ್ಕೆನಾದರೂ ಒಳಗೆ ನೊಂದುಕೊಂಡಿದ್ದೆ. ಇದು ಪಿನ್ನಿನ ಸೇಡು ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಗಂಡ ಒಂದು ಗುಟ್ಟು ಇಟ್ಟುಕೊಂಡ ಎಂಬ ಕಾರಣಕ್ಕೆ, ಇಷ್ಟು ವರ್ಷ ಜೊತೆಗಿದ್ದ ಹೆಂಗಸು ಅವನ ನಿದ್ದೆಯನ್ನು ಪುಡಿ ಮಾಡಬಹುದೇ ಎಂದು ಮನಸ್ಸು ಹಿಂಡಿತು. ‘ನಿದ್ದೆಯಲ್ಲಿ ನಾನೇನಾದ್ರೂ ಮಾತಾಡ್ತಿದೀನಾ’ ಎಂದು ಒಂದು ದಿನ ಸುಮ್ಮನೆ ವಿಚಾರಿಸಿದೆ. ‘ಏನೋ ಪಾಟ ಮಾಡ್ತಿರ್ತೀರ’ ಎಂದು ಡಬ್ಬಿಯ ಮುಚ್ಚಳ ಒತ್ತಿದಳು. ಪಾಠ ತಾನೇ, ಮಾಡಲಿ ಎಂದು ಸುಮ್ಮನಾದೆ.

ಆ ಮಧ್ಯಾಹ್ನ ಕನಸು ಬಹಳ ಸೊಗಸಾಗಿತ್ತು. ನಾನು ಕಣ್ವ ಕೆರೆಯ ದಡದಲ್ಲಿ ಕೂತಿದ್ದೇನೆ. ನೀರಿನಲ್ಲಿ ಸಂಜೆಯ ನಾಲ್ಕೂ ಬಣ್ಣ ಒಂದರ ಮೇಲೊಂದು ಮಲಗಿವೆ. ಆಚೆ ದಡದಲ್ಲಿ ಬಿಳಿ ಬಟ್ಟೆಯ ಒಬ್ಬ ಮನುಷ್ಯ ಕೈಮುಗಿದು ನಿಂತು, ಬಹಳ ವಿನಯದಿಂದ, ‘ಗುರುಗಳೇ, ಆ ಬಣ್ಣಗಳ ನಂಬರ್ ಏನು’ ಎಂದು ಕೇಳುತ್ತಿದ್ದಾನೆ. ನನ್ನ ಕಣ್ಣು ತುಂಬಿ ಬಂತು. ಡ್ರಾಯಿಂಗ್ ಮೇಷ್ಟ್ರನ್ನು ಯಾರು ಏನು ಕೇಳುತ್ತಾರೆ, ಹೇಳಿ. ಪರೀಕ್ಷೆ ಹತ್ತಿರ ಬಂದರೆ ನಮ್ಮ ಪೀರಿಯಡ್ಡನ್ನು ಲೆಕ್ಕದ ಮೇಷ್ಟ್ರು ಕೇಳದೆಯೇ ತೆಗೆದುಕೊಳ್ಳುತ್ತಿದ್ದರು. ಅಷ್ಟು ವರ್ಷ ಪಾಠ ಮಾಡಿದರೂ, ನನ್ನನ್ನು ಗುರುಗಳೇ ಎಂದು ಕರೆದು ಬಣ್ಣದ ವಿಷಯ ಕೇಳಿದವರು ಇರಲಿಲ್ಲ. ‘ಹೇಳ್ತೀನಪ್ಪಾ, ಬರ್ಕೋ’ ಎಂದೆ. ಅಷ್ಟರಲ್ಲಿ ಬೆಟ್ಟದ ಹಿಂದೆಲ್ಲೋ ಜಲ್ಲಿ ಕ್ರಷರ್ ಶುರುವಾಯಿತು. ನಾನು ‘ಹಳದಿ’ ಎಂದು ಕೂಗಿದೆ. ಕ್ರಷರು ನನ್ನ ಮಾತನ್ನು ನುಂಗಿತು. ಆ ಮನುಷ್ಯ ಕಿವಿಗೆ ಕೈಯಿಟ್ಟು ‘ಹಲೋ, ಹಲೋ’ ಎಂದ. ನಾನು ಇನ್ನೂ ಜೋರಾಗಿ ಕೂಗಿದೆ, ಕ್ರಷರೂ ಇನ್ನೂ ಜೋರಾಯಿತು. ‘ಸಾರ್, ಆ ಸೌಂಡ್ ಇಲ್ಲದ ಕಡೆ ಬನ್ನಿ ಸಾರ್, ಕೇಳ್ತಿಲ್ಲ’ ಎಂದ. ಗುರುಗಳೇ ಎಂದವನು ಸಾರ್‌ಗೆ ಇಳಿದದ್ದು ನನಗೆ ಸ್ವಲ್ಪ ಬೇಸರವಾಯಿತು. ಕೊನೆಗೆ ಅವನು ಏನೋ ಬೈದು ದಡದಿಂದ ಮಾಯವಾದ. ಕೆರೆಯೂ ಮಾಯವಾಯಿತು. ಕ್ರಷರು ಮಾತ್ರ ಉಳಿಯಿತು.

ಕಣ್ಣು ಬಿಟ್ಟರೆ ಫೋನು ನನ್ನ ಕೈಯಲ್ಲಿ, ಎದೆಯ ಮೇಲೆ. ಫೋನಿನ ಮಾತು ನನ್ನ ಕಿವಿಗೆ ಸರಿಯಾಗಿ ಹಿಡಿಯುವುದಿಲ್ಲ, ಅದಕ್ಕೇ ಯಾವಾಗಲೂ ಸ್ಪೀಕರಿನಲ್ಲಿ ಮಾತಾಡುವವನು. ನಿದ್ದೆಗಣ್ಣಲ್ಲೇ ಕರೆ ಎತ್ತಿಕೊಂಡಿದ್ದೆ, ಸ್ಪೀಕರೂ ಒತ್ತಿದ್ದೆ. ತೆರೆಯ ಮೇಲೆ ಒಂದು ಒಟಿಪಿ ಮೆಸೇಜು ಬಂದು ಕೂತಿತ್ತು. ಅಡುಗೆಮನೆಯ ಬಾಗಿಲ ಪಕ್ಕದ ಕಟ್ಟೆಯ ಮುಂದೆ ಭಾಗ್ಯ ನಿಂತಿದ್ದಳು. ಒಂದು ಕೈ ಮಿಕ್ಸಿಯ ಗುಂಡಿಯ ಮೇಲೆ, ಇನ್ನೊಂದು ಕೈ ಜಾರಿನ ಮುಚ್ಚಳದ ಮೇಲೆ. ಜಾರಿನೊಳಗೆ ಏನೂ ಇರಲಿಲ್ಲ. ಖಾಲಿ ಜಾರು ಗಿರಗಿರನೆ ತಿರುಗುತ್ತಿತ್ತು.

ಅವಳು ಮಿಕ್ಸಿ ನಿಲ್ಲಿಸಿದಳು. ‘ಬ್ಯಾಂಕಿನವನಂತೆ, ಖಾತೆ ಬಂದ್ ಆಯ್ತದೆ, ಪಿನ್ ಹೇಳಿ, ಮೆಸೇಜಲ್ಲಿ ಬಂದಿರೋ ನಂಬರೂ ಹೇಳಿ ಅಂತಿದ್ದ ಕಣ್ರೀ. ನೀವು ಕಣ್ಣು ಮುಚ್ಕಂಡೇ, ಹೇಳ್ತೀನಪ್ಪಾ ಬರ್ಕೋ ಅಂದ್ರಿ’ ಎಂದಳು. ಹೇಳಿದ್ದೆನೋ ಇಲ್ಲವೋ ನನಗೇ ಗೊತ್ತಿಲ್ಲ. ಹೇಳಿದ್ದು ಅವನಿಗೆ ಕೇಳಿಸಿತೋ ಇಲ್ಲವೋ ಅದೂ ಗೊತ್ತಿಲ್ಲ. ಗೊತ್ತಿದ್ದದ್ದು ಒಂದೇ: ಅವಳು ಒಂದೊಂದು ಹೊಲಿಗೆ ಹಾಕಿ ಗಳಿಸಿದ್ದು ಅಲ್ಲಿದೆ, ಅದನ್ನು ನಾನು ಚಾಪೆಯ ಮೇಲೆ ಮಲಗಿಕೊಂಡು ಯಾರಿಗೋ ದಾನ ಮಾಡಿರಬಹುದು. ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡೇ ಸ್ಕೂಟರ್ ತೆಗೆದೆ. ರಸ್ತೆಯ ಗುಂಡಿಗಳು ಬಂದಾಗ ಹಿಂದೆ ಕೂತ ಅವಳ ಸೊಂಟದ ಕೀಲಿ ಸದ್ದು ಮಾಡುತ್ತಿತ್ತು. ಆ ಸದ್ದು ಕೇಳಿ ನನಗೆ ಅಷ್ಟು ಸಂಕಟ ಹಿಂದೆಂದೂ ಆಗಿರಲಿಲ್ಲ.

ಬ್ಯಾಂಕಿನಲ್ಲಿ ಚಿಕ್ಕ ವಯಸ್ಸಿನ ಮೇಡಂ ಒಬ್ಬರು ಕಂಪ್ಯೂಟರ್ ನೋಡುತ್ತಲೇ, ‘ಅವರಿಗೆ ಪಿನ್ ಹೇಳಿಬಿಟ್ರಾ ಸರ್’ ಎಂದು ಕೇಳಿದರು. ಭಾಗ್ಯ ನನ್ನ ಬದಲು ಉತ್ತರ ಕೊಟ್ಟಳು: ‘ಹೇಳವ್ರೆ. ಆದ್ರೆ ಕೇಳಿಸಿಲ್ಲ.’ ಮೇಡಂ ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿದರು. ಹೇಳಿಯೂ ಕೇಳಿಸದಂತೆ ಇರುವುದು ಹೇಗೆಂದು ಅವರು ಕೇಳಲಿಲ್ಲ, ಕೇಳಿದ್ದರೆ ನಾವು ಮಿಕ್ಸಿಯ ವಿಷಯ ಹೇಳಬೇಕಾಗುತ್ತಿತ್ತು. ಖಾತೆಯಲ್ಲಿ ಒಂದು ಪೈಸೆಯೂ ಕದಲಿರಲಿಲ್ಲ. ಮೇಡಂ ಹಳೆಯ ಪಿನ್ನನ್ನು ರದ್ದು ಮಾಡಿಸಿ, ಹೊಸದನ್ನು ನನ್ನಿಂದಲೇ ಹಾಕಿಸಿದರು. ಹಾಕುವಾಗ ತಾವು ಬೇಕೆಂದೇ ಕಿಟಕಿಯ ಕಡೆ ತಿರುಗಿದರು. ಭಾಗ್ಯಳೂ ತಿರುಗಿದಳು. ಒಂದು ಕ್ಷಣ ಆ ಇಡೀ ಬ್ಯಾಂಕಿನಲ್ಲಿ ನನ್ನ ಪಿನ್ನನ್ನು ನೋಡುತ್ತಿದ್ದವನು ನಾನೊಬ್ಬನೇ, ಆ ಒಬ್ಬನ ಮೇಲೆಯೇ ನನಗೆ ನಂಬಿಕೆ ಇರಲಿಲ್ಲ. ‘ಯಾವತ್ತೂ ಯಾರಿಗೂ ಹೇಳ್ಬೇಡಿ ಸರ್, ಎಷ್ಟೇ ಮರ್ಯಾದೆಯಿಂದ ಕೇಳಿದ್ರೂ’ ಎಂದರು ಮೇಡಂ. ಅವರಿಗೆ ನನ್ನ ಕನಸು ಹೇಗೆ ಗೊತ್ತಾಯಿತೋ.

ಮನೆಗೆ ಬಂದು ಜಗಲಿಯ ಮೇಲೆ ಕೂತು ಕಾಫಿ ಕುಡಿದ ಮೇಲೆ ನನಗೆ ಮಾತು ಬಂತು. ‘ನಿನಗೆ ನನ್ನ ಪಿನ್ ಗೊತ್ತಿತ್ತಾ’ ಎಂದೆ. ಅವಳು ಲೋಟ ಕೆಳಗಿಟ್ಟು, ಶಾಲೆಯ ಹುಡುಗಿಯಂತೆ ಕೈಕಟ್ಟಿ ಒಪ್ಪಿಸಿದಳು. ‘ಹಳದಿ ಮೂರು, ಕೇಸರಿ ಐದು, ಬದನೇಕಾಯಿ ಒಂಬತ್ತು, ಮಸಿ ಒಂದು. ಎಲ್ಲಿ, ಹಿಂದಿನ ಬೆಂಚು, ಇನ್ನೊಂದ್ ಸಲ ಹೇಳಿ.’ ಬಣ್ಣದ ಹೆಸರಷ್ಟೇ ಹೇಳಿಕೊಂಡಿದ್ದರೆ ದೇವರಿಗೂ ತಿಳಿಯುತ್ತಿರಲಿಲ್ಲ. ಆದರೆ ಮೇಷ್ಟ್ರ ಬುದ್ಧಿ ಎಲ್ಲಿಗೆ ಹೋದೀತು. ವಿವರಿಸದೆ ಬಿಟ್ಟರೆ ಮಕ್ಕಳಿಗೆ ಅರ್ಥವಾಗುವುದಿಲ್ಲವೆಂದು, ಒಂದೊಂದು ಬಣ್ಣಕ್ಕೂ ಅಂಕಿ ಹೇಳಿ, ಎರಡೆರಡು ಸಲ ಹೇಳಿಸಿ, ಹಿಂದಿನ ಬೆಂಚಿನವರನ್ನೂ ಬಿಡದೆ ನಾನು ದಿನಾ ಮಧ್ಯಾಹ್ನ ಪಾಠ ಮಾಡುತ್ತಿದ್ದೆ. ಒಂದು ದಿನ ಕಿಟಕಿಯಾಚೆ ಪುಟ್ಟಸ್ವಾಮಿ ಬೀಡಿ ಆರಿಸಿ, ‘ಏನ್ ಮೇಷ್ಟ್ರು ಇವತ್ತು ಲೆಕ್ಕ ಹೇಳ್ಕೊಡ್ತಾವ್ರೆ’ ಎಂದು ಸರಳಿನ ಹತ್ತಿರ ಸರಿದು ಕೂತನಂತೆ. ಅಂದೇ ಅವಳು ಮಿಕ್ಸಿಗೆ ಮೊದಲ ಸಲ ಕಡಲೆ ಹಾಕಿದ್ದು.

‘ನನ್ನನ್ನ ಎಬ್ಬಿಸಬಹುದಿತ್ತಲ್ಲ’ ಎಂದೆ. ‘ನಿದ್ದೇಲಿ ಮಾತಾಡೋರನ್ನ ತಟ್ಟಿ ಎಬ್ಬಿಸಬಾರದು, ಎದೆ ಒಡ್ಕೊಂತಾರೆ ಅಂತ ನಮ್ಮಪ್ಪ ಹೇಳ್ತಿದ್ರು. ಅದೂ ಅಲ್ದೆ, ಪಾಟ ಮಾಡುವಾಗ ಮುಖ ಎಷ್ಟು ಖುಷಿಯಾಗಿರ್ತಿತ್ತು ಅಂತೀರ. ಇಸ್ಕೂಲಲ್ಲಿ ಇದ್ದಾಗ್ಲೂ ಹಂಗಿರ್ತಿರಲಿಲ್ಲ’ ಎಂದಳು. ನನ್ನ ನಿದ್ದೆಯ ಮೇಲಿನ ಸೇಡು ಎಂದು ನಾನು ಒಂದೊಂದು ದಿನವೂ ಲೆಕ್ಕವಿಟ್ಟುಕೊಂಡು ನೊಂದದ್ದನ್ನು ನೆನೆದರೆ ನಾಚಿಕೆಯಾಗುತ್ತಿತ್ತು. ‘ಗೊತ್ತಿದ್ದ ಮೇಲೆ ಮತ್ಯಾಕೆ ನನ್ನ ಮೇಲೆ ಕೋಪ’ ಎಂದು ಕೇಳಿದೆ. ಅವಳು ಸೆರಗಿನ ಅಂಚು ತೀಡಿದಳು. ‘ಕದ್ದು ಕೇಳಿಸ್ಕಂಡಿದ್ದು ನಂದು ಅಂತ ಹೆಂಗನ್ಲಿ. ನೀವಾಗಿ ಹೇಳಿದ್ರೆ ನಂದು’ ಎಂದಳು.

ಎದ್ದು ಒಳಗೆ ಹೋಗಿ ಗೂಟಕ್ಕೆ ತೂಗುಹಾಕಿದ್ದ ಮಾವನ ಹಳೆಯ ಟವಲನ್ನು ತಂದೆ. ಮಾವ ಹೋದ ಮೇಲೆ ಅದು ನಮ್ಮ ಮನೆಯಲ್ಲೇ ಉಳಿದಿದೆ. ಅವಳು ಅದರಲ್ಲಿ ಕೈ ಒರೆಸಲು ಯಾರಿಗೂ ಬಿಡುವುದಿಲ್ಲ. ಬಾಗಿಲು ಮುಂದೆ ಮಾಡಿ, ನಡುಮನೆಯಲ್ಲಿ ಅವಳ ಎದುರು ಕೂತು, ಟವಲನ್ನು ನನ್ನ ಮುಂಗೈ ಮೇಲೆ ಹಾಸಿಕೊಂಡು ಕೈ ಚಾಚಿದೆ. ಬ್ಯಾಂಕಿನ ಮೇಡಂ, ಮಾಗಡಿಯ ಮಗಳು ಇಬ್ಬರೂ ಕಣ್ಣಮುಂದೆ ಬಂದು ಬೇಡವೆಂದು ತಲೆಯಾಡಿಸಿದರು. ಅವರಿಗೆ ಮನಸ್ಸಿನಲ್ಲೇ ಕೈಮುಗಿದೆ. ಭಾಗ್ಯ ಬಹಳ ಹೊತ್ತು ಟವಲನ್ನೇ ನೋಡಿದಳು. ಆಮೇಲೆ ಅದರ ಕೆಳಗೆ ಕೈ ತಂದು ನನ್ನ ಕೈ ಹಿಡಿದಳು. ಸೂಜಿ ಚುಚ್ಚಿ ಚುಚ್ಚಿ ಬೆರಳ ತುದಿ ಒರಟಾಗಿತ್ತು. ಆ ಕೈ ಹಿಡಿದು ಎಷ್ಟು ಕಾಲವಾಗಿತ್ತೋ. ನಾನು ಮೊದಲ ಅಂಕಿಗೆ ಬೆರಳು ಒತ್ತಲು ಹೋದೆ. ಅವಳು ನನ್ನ ಬೆರಳುಗಳನ್ನೆಲ್ಲ ಮುಷ್ಟಿಯಲ್ಲಿ ಮುಚ್ಚಿಬಿಟ್ಟಳು.

‘ಬ್ಯಾಡ, ಬುಡಿ’ ಎಂದಳು. ‘ಹೇಳ್ತೀನಿ ಅಂತ ಕೈ ಕೊಟ್ರಲ್ಲ, ಅಷ್ಟು ಸಾಕು. ನಿಮ್ಮ ಬೆರಳು ನಂಬ್ಕಂಡ್ರೆ ಇನ್ನೊಂದ್ ಜೊತೆ ಎತ್ತು ಬಂದಾತು.’ ನಾನು ಬಿಡಲಿಲ್ಲ. ಹೇಳಲೇಬೇಕೆಂದು ಹಟ ಹಿಡಿದೆ. ಅವಳು ಟವಲು ಮಡಿಸುತ್ತ ಎದ್ದಳು. ‘ಈಗ್ಯಾಕೆ ಅವಸ್ರ. ನಾಳೆ ಮುದ್ದೆ ಉಂಡ್ಮೇಲೆ ಹೆಂಗಿದ್ರೂ ಹೇಳ್ತೀರಲ್ಲ’ ಎಂದು ಅಡುಗೆಮನೆಗೆ ನಡೆದಳು.

ಕಸೂತಿ ಮಿಷನ್ ಮುಂದಿನ ವಾರ ಬರುತ್ತದೆ. ಅಂಗಡಿಯವರಿಗೆ ಹಣ ಕಳಿಸುವಾಗ ಫೋನು ಅವಳ ಕೈಯಲ್ಲಿತ್ತು, ಒತ್ತಿದ ಬೆರಳು ನನ್ನದು. ಕಿಟಕಿಯ ಕೆಳಗಿನ ಚಾಪೆಯನ್ನು ಒಳಗಿನ ಕೋಣೆಗೆ ಹಾಕಿಕೊಳ್ಳಿ ಎಂದು ಅವಳು ಹೇಳಿದಳು, ನಾನು ಒಪ್ಪಲಿಲ್ಲ. ಅಲ್ಲಿ ಸರಳಿನ ನೆರಳು ಬರುವುದಿಲ್ಲ. ಫೋನನ್ನು ಮಾತ್ರ ಮಲಗುವ ಮೊದಲು ಅವಳ ಬೀರುವಿನಲ್ಲಿಡುತ್ತೇನೆ, ಕೀಲಿ ಅವಳ ಸೊಂಟದಲ್ಲಿರುತ್ತದೆ. ಹೊಸ ಪಿನ್ ಹಾಕಿದ ಮಾರನೆಯ ಮಧ್ಯಾಹ್ನ ಮುದ್ದೆ ಉಂಡು ಚಾಪೆಯ ಮೇಲೆ ಒರಗಿದೆ. ಗೂಡಿನ ವಾಸನೆ ತೇಲಿ ಬಂತು. ನೆರಳು ಹೊಟ್ಟೆಯಿಂದ ಎದೆಗೆ ಬಂತು. ಆಚೆ ಜಗಲಿಯಲ್ಲಿ ಪುಟ್ಟಸ್ವಾಮಿ ಬೀಡಿ ಹಚ್ಚಿದ. ಎಲ್ಲ ಇತ್ತು, ನಿದ್ದೆ ಮಾತ್ರ ಬರಲಿಲ್ಲ. ಈ ಸಲದ ನಾಲ್ಕು ಬಣ್ಣಗಳು ನಾಲಗೆಯ ತುದಿಯಲ್ಲಿ ಸಾಲಾಗಿ ನಿಂತು, ಕ್ಲಾಸು ಯಾವಾಗ ಶುರುವಾಗುತ್ತದೆಂದು ಕಾಯುತ್ತಿದ್ದವು. ಅಡುಗೆಮನೆಯ ಕಡೆ ಕಿವಿಗೊಟ್ಟೆ. ಅಲ್ಲಿ ಸದ್ದೇ ಇರಲಿಲ್ಲ. ಮಗ್ಗುಲು ಬದಲಾಯಿಸಿದೆ, ಕೆಮ್ಮಿದೆ, ಮತ್ತೆ ಮಗ್ಗುಲು ಬದಲಾಯಿಸಿದೆ. ಕೊನೆಗೆ ತಡೆಯಲಾರದೆ ನಾನೇ ಕೂಗಿ ಹೇಳಿದೆ:

‘ಭಾಗ್ಯಾ, ಒಸಿ ಮಿಕ್ಸಿ ಹಾಕು.’